ಪಾಳಿಯ ಕಲ್ಲು

ಅವರ ಎಡಗಿವಿಯ ಮೇಲರ್ಧ ಇರಲಿಲ್ಲ. ಹುಟ್ಟಿನಿಂದ ಹಾಗಿದ್ದದ್ದಲ್ಲ, ಒಬ್ಬ ಲಾರಿ ಚಾಲಕ ಜಗಳದಲ್ಲಿ ಕಚ್ಚಿ ಕಿತ್ತದ್ದು. ಉಳಿದ ಕಿವಿಯ ಅಂಚು ಇಲಿ ಕಡಿದ ರೊಟ್ಟಿಯಂತೆ ಏರುತಗ್ಗಾಗಿತ್ತು. ಕನ್ನಡಕದ ಕಡ್ಡಿ ಆ ಬದಿಯಲ್ಲಿ ನಿಲ್ಲದ್ದರಿಂದ ಬಲೆ ಹೆಣೆಯುವ ನೈಲಾನ್ ದಾರದಲ್ಲಿ ಅದನ್ನು ತಲೆಯ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಸಿಟ್ಟು ಬಂದಾಗ ಮೊದಲು ಆ ದಾರ ಬಿಚ್ಚಿ ಕನ್ನಡಕವನ್ನು ಅಂಗಿಯ ಕಿಸೆಗೆ ಹಾಕುತ್ತಿದ್ದರು. ಅದನ್ನು ಕಂಡ ಕೂಡಲೇ ಅಕ್ಕಪಕ್ಕದವರು ಹಿಂದೆ ಸರಿಯುತ್ತಿದ್ದರು. ಮುಂದೆ ಯಾರಿಗಾದರೂ ಪೆಟ್ಟು ಬೀಳುವುದು ಖಂಡಿತ.

ಹೊನ್ನಾವರದ ಮೀನು ಧಕ್ಕೆಯಲ್ಲಿ, ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ, ಯಾವ ಗಾಡಿ ಯಾವಾಗ ಮೀನು ತುಂಬಿಸಿಕೊಳ್ಳಬೇಕು, ಯಾವುದು ಮೊದಲು ಹೊರಡಬೇಕು ಎಂದು ಹೇಳುವ ಕೆಲಸ ಅವರದು. ಪಾಳಿ ನೋಡುವವರಾದ್ದರಿಂದ ಎಲ್ಲರ ಬಾಯಲ್ಲಿ ಪಾಳಿಮಾವ. ಹುಟ್ಟಿದ್ದು ಕುಮಟಾ ಬಳಿಯ ಬಾಡದಲ್ಲಿ, ದುಡಿದದ್ದೆಲ್ಲ ಶರಾವತಿಯ ಅಳಿವೆಯ ಬದಿಯಲ್ಲಿ. ಮೊದಲು ಲಾರಿ ಕ್ಲೀನರ್, ಆಮೇಲೆ ಚಾಲಕ. ಬೆನ್ನು ನೋವಿಗೆ ಸ್ಟಿಯರಿಂಗ್ ಬಿಟ್ಟ ಮೇಲೆ ಧಕ್ಕೆಯ ಮೋಟುಗೋಡೆಯೇ ಅವರ ಆಫೀಸು.

ನಾನು ಪತ್ರಿಕೆಯ ವರದಿಗಾರ್ತಿಯಾಗಿ ಕುಮಟಾಕ್ಕೆ ಬಂದ ಹೊಸದರಲ್ಲಿ ಮೀನಿನ ದರ ಕೇಳಲು ಅಲ್ಲಿಗೆ ಹೋಗಿದ್ದೆ.

“ಎಂತ ತಂಗೀ, ದರ ಬರೀಲಿಕ್ಕೆ ಬಂದ್ಯಾ, ಹೊಡೆದಾಟ ಬರೀಲಿಕ್ಕೆ ಬಂದ್ಯಾ?”

“ದರ.”

“ಹಾಂಗಾರೆ ಇಲ್ಲೇ ಕೂತ್ಕೊ. ಎರಡೂ ಒಟ್ಟಿಗೇ ಬತ್ತದೆ.”

ಸುಳ್ಳು ಹೇಳಿರಲಿಲ್ಲ. ನಾನು ಕೂತಿದ್ದ ಹಾಗೆಯೇ ಒಬ್ಬ ಇನ್ನೊಬ್ಬನ ತಲೆಗೆ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹೊಡೆದ. ಪಾಳಿಮಾವ ಕನ್ನಡಕ ಬಿಚ್ಚಿದರು.

ಅವರು ಮೃದು ಮನುಷ್ಯರಾಗಿರಲಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಒರಟನ್ನೆಲ್ಲ ಉಜ್ಜಿ ನುಣುಪು ಮಾಡುವ ಪದ್ಧತಿ ನನಗೆ ಒಗ್ಗುವುದಿಲ್ಲ. ಅವರು ಜನರಿಗೆ ಹೊಡೆಯುತ್ತಿದ್ದರು. ಭಟ್ಕಳದ ಹೋಟೆಲುಗಳಿಗೆ ಮೀನು ಒಯ್ಯಬೇಕಿದ್ದ ಚಾಲಕನೊಬ್ಬ ಮುರ್ಡೇಶ್ವರದಲ್ಲಿ ನೆಂಟರ ಮನೆ ಊಟಕ್ಕೆಂದು ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿದ. ಊಟ ಮುಗಿಯುವಷ್ಟರಲ್ಲಿ ಐಸ್ ಕರಗಿತ್ತು. ಹೋಟೆಲಿನವರು ಮಾಲು ವಾಪಸು ಕಳಿಸಿದರು. ಅವನು ಮರಳಿ ಧಕ್ಕೆಗೆ ಬಂದಾಗ ಪಾಳಿಮಾವ ಅದೇ ಕ್ರೇಟಿನಿಂದ ತೋಳುದ್ದದ ಇಸೋಣ ಮೀನನ್ನು ಬಾಲ ಹಿಡಿದೆತ್ತಿ ಅವನ ಕೆನ್ನೆಗೆ ಬೀಸಿದರು. ಮೀನಿನ ಬೆನ್ನಿನ ಮುಳ್ಳು ತಾಗಿ ತುಟಿ ಸೀಳಿತು.

“ಊಟ ಹೆಂಗಿತ್ತು? ಈಗ ಇದನ್ನೂ ಮೂಸು.”

ನೋಡುತ್ತಿದ್ದವರು ನಕ್ಕರು. ಅವನು ನಗಲಿಲ್ಲ. ಇಂದಿಗೂ ಅವನ ಮೇಲ್ದುಟಿಯಲ್ಲಿ ಆ ಗೆರೆ ಇದೆ. ಅವನೆದುರು ಪಾಳಿಮಾವನನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಈಚೆಗೆ ಕುಮಟಾದ ಕಾಲೇಜೊಂದರಲ್ಲಿ ವ್ಯಾಪಾರದ ಸಾಗಾಣಿಕೆ ಮತ್ತು ಸರಬರಾಜು ಸರಪಳಿಯ ಪರಿಚಯ ಎಂಬ ಹೊಸ ವಿಷಯ ಶುರುವಾಯಿತು. ಕರಾವಳಿಯ ಮೀನು ಸಾಗಾಟದ ಬಗ್ಗೆ ಮಕ್ಕಳಿಗೆ ಸ್ವಲ್ಪ ಹೇಳಿ ಎಂದು ನನ್ನನ್ನು ಕರೆದಿದ್ದರು. ಹೇಳಿದ್ದೆಲ್ಲ ಪಾಳಿಮಾವನ ಪಕ್ಕ ಗೋಡೆಯ ಮೇಲೆ ಕೂತು ಕಲಿತದ್ದು. ಬೈಗುಳಗಳನ್ನು ಮಾತ್ರ ಬಿಟ್ಟೆ.

ಕೊನೆಗೆ ಇಳಿಯುವುದು ಮೊದಲು ಹತ್ತಬೇಕು: ಮಂಗಳೂರಿನ ಕ್ರೇಟು ಗಾಡಿಯ ಒಳಮೂಲೆಗೆ, ಭಟ್ಕಳದ್ದು ಬಾಗಿಲ ಬಳಿಗೆ. ಬೇಗ ಕೆಡುವುದು ಬೇಗ ಹೊರಡಬೇಕು. ತಾರ್ಲೆ ಮೀನಿನ ಮೈಯಲ್ಲಿ ಎಣ್ಣೆ ಹೆಚ್ಚು, ಬಿಸಿಲು ಏರಿದರೆ ಅದರ ಹೊಟ್ಟೆ ಒಡೆಯುತ್ತದೆ. ಶೆಟ್ಲಿ, ಅಂದರೆ ಸಿಗಡಿ, ಐಸಿನಲ್ಲಿ ಸ್ವಲ್ಪ ಕಾಯಬಲ್ಲದು. ಖಾಲಿ ಗಾಡಿ ವಾಪಸು ಬಂದರೆ ಪಾಳಿಮಾವನಿಗೆ ಮೈ ಉರಿಯುತ್ತಿತ್ತು. “ಗಾಳಿ ತುಂಬ್ಕಂಡು ಬಂದ್ಯಾ? ಗಾಳಿ ಇಲ್ಲೇ ಬೇಕಾದಷ್ಟು ಇದೆ” ಎಂದು ಬೈದು, ಬರುವಾಗ ಬಲೆಯನ್ನೋ ಹಗ್ಗವನ್ನೋ ಖಾಲಿ ಕ್ರೇಟನ್ನೋ ತರುವ ಏರ್ಪಾಡು ತಾವೇ ಮಾಡುತ್ತಿದ್ದರು.

ಒಂದು ಸಲ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿಯುವ ಹೊತ್ತಿಗೆ ಐಸ್ ಪ್ಲಾಂಟಿನ ಯಂತ್ರ ಕೆಟ್ಟಿದೆಯೆಂದು ಯಾರೋ ಸುದ್ದಿ ಹಬ್ಬಿಸಿದರು. ಪ್ರತಿಯೊಬ್ಬನೂ ಬೇಕಾದ್ದಕ್ಕಿಂತ ಹೆಚ್ಚು ಐಸ್ ಎಳೆದುಕೊಂಡು ತಾಡಪಾಲಿನಡಿ ಮುಚ್ಚಿಟ್ಟ. ಮೀನು ಇಲ್ಲದವನ ಐಸ್ ಕರಗಿ ಚರಂಡಿಗೆ ಹರಿಯಿತು, ಮೀನು ತಂದವನಿಗೆ ಐಸ್ ಇಲ್ಲ. ಇಬ್ಬರು ಐಸ್ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಎದುರಾದರು. ಒಬ್ಬನ ಕೊಕ್ಕೆ ಇನ್ನೊಬ್ಬನ ತೊಡೆಗೆ ಹೊಕ್ಕಿತು. ಪಾಳಿಮಾವ ತಮ್ಮ ಪಂಚೆಯ ಅಂಚು ಹರಿದು ತೊಡೆಗೆ ಬಿಗಿದು ಕಟ್ಟಿದರು. ಕಟ್ಟಿ ಮುಗಿದ ಮೇಲೆ ಇಬ್ಬರಿಗೂ ಒಂದೊಂದು ಬಾರಿಸಿದರು.

“ಐಸ್ ಕಮ್ಮಿ ಆಗಲಿಲ್ಲ, ಬೋಳಿಮಕ್ಕಳಾ. ನಿಮ್ಮ ಹೆದರಿಕೆ ಹೆಚ್ಚಾತು.”

ಯಂತ್ರ ಕೆಟ್ಟಿರಲೇ ಇಲ್ಲ.

ಇನ್ನು ಕಿವಿಯ ವಿಷಯ. ನಾನು ಬರುವ ಮುಂಚಿನ ಮಾತು ಅದು, ಕಚ್ಚಿದವನಿಂದಲೇ ಕೇಳಿ ತಿಳಿದದ್ದು. ಆಗ ಧಕ್ಕೆಯಲ್ಲಿ ಪಾಳಿ ಎಂಬುದು ಬಾಯಿಮಾತು. ಮೊದಲು ಬಂದವನು ನಾನು ಎಂದು ಇಬ್ಬರು ಹೇಳಿದರೆ ತೋಳಿನ ಬಲವೇ ತೀರ್ಪು. ಅಂಥ ಒಂದು ತೀರ್ಪಿನಲ್ಲಿ ಪಾಳಿಮಾವ ಆ ಚಾಲಕನ ಕತ್ತು ಹಿಸುಕಿದರು, ಉಸಿರು ಕಟ್ಟಿದ ಅವನು ಬಾಯಿಗೆ ಸಿಕ್ಕಿದ್ದನ್ನು ಕಚ್ಚಿದ. ಆಸ್ಪತ್ರೆಯಿಂದ ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಮರಳಿದ ಪಾಳಿಮಾವ ಪೊಲೀಸ್ ಠಾಣೆಗೆ ಹೋಗಲಿಲ್ಲ. ಹೊಳೆಯ ದಂಡೆಯಿಂದ ಒಂದು ಗೋಣಿ ನುಣುಪು ಕಲ್ಲು ತಂದು ಸುರಿದು, ಪ್ರತಿ ಗಾಡಿಗೂ ಒಂದೊಂದು ಕೊಟ್ಟು ಬಣ್ಣದ ಗುರುತು ಹಾಕಿಸಿದರು. ಕಚ್ಚಿದವನಿಗೆ ಮೊದಲ ಕಲ್ಲು.

ಕ್ರಮ ಸರಳವಾಗಿತ್ತು. ಗಾಡಿ ಧಕ್ಕೆಗೆ ಬಂದರೆ ಚಾಲಕ ತನ್ನ ಕಲ್ಲನ್ನು ಮೋಟುಗೋಡೆಯ ಮೇಲಿನ ಸಾಲಿನ ಕೊನೆಗೆ ಇಡಬೇಕು. ಮೊದಲ ಕಲ್ಲಿನವನಿಗೆ ಮೊದಲ ಲೋಡು. ತುಂಬಿ ಹೊರಡುವಾಗ ಕಲ್ಲನ್ನು ಸೀಟಿನ ಕೆಳಗೆ ಹಾಕಿಕೊಂಡು ಹೋಗಬೇಕು. ಗೋವೆಗೆ ಹೋಗಲಿ, ಕೇರಳಕ್ಕೆ ಹೋಗಲಿ, ಗಾಡಿಯ ಜೊತೆ ಹೊನ್ನಾವರದ ಒಂದು ಕಲ್ಲೂ ಹೋಗಿ ಬರುತ್ತಿತ್ತು. ಒಬ್ಬನ ಕಲ್ಲನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಪಾಳಿ ಬಿಟ್ಟುಕೊಡಬೇಕೆಂದರೆ ಕಲ್ಲಿನ ಒಡೆಯನೇ ಬಂದು ತನ್ನ ಕೈಯಿಂದ ಎತ್ತಿ ಹಿಂದಕ್ಕಿಡಬೇಕು. ಪಾಳಿಮಾವನಿಗೂ ಆ ಅಧಿಕಾರ ಇರಲಿಲ್ಲ. ಹಾಗೆಂದು ನಿಯಮ ಕಟ್ಟಿಕೊಂಡದ್ದೂ ಅವರೇ.

ಕಿವಿ ಕಚ್ಚಿದ ಚಾಲಕ ಆಮೇಲೆ ಅವರ ಬಲಗೈಯಾದ. “ಇವ ನನ್ನ ತಿಂದವ” ಎಂದೇ ಅವನನ್ನು ಹೊಸಬರಿಗೆ ಪರಿಚಯಿಸುತ್ತಿದ್ದರು.

“ರುಚಿ ಇರ್ಲಿಲ್ಲ ಮಾವ” ಎನ್ನುತ್ತಿದ್ದ ಅವನು.

ಆ ಸಾಲು ಮುರಿದ ದಿನ ನಾನು ಧಕ್ಕೆಗೆ ತಲುಪಿದಾಗ ಬೆಳಗಿನ ಬಿಸಿಲು ಏರಿತ್ತು. ದೋಣಿಗಳು ಒಟ್ಟಿಗೇ ಬಂದು ತಾರ್ಲೆಯನ್ನು ರಾಶಿ ರಾಶಿ ಸುರಿದಿದ್ದವು. ಸಾಲಿನ ಮೊದಲ ಕಲ್ಲು ಭಟ್ಕಳ ತಾಲೂಕಿನ ಮಾವಳ್ಳಿಯ ಚಾಲಕನದು. ಕಲ್ಲಿಟ್ಟು ಐಸ್ ತುಂಬಿಸಲು ಹೋದ ಅವನ ಗಾಡಿ ಐಸ್ ಪ್ಲಾಂಟಿನಲ್ಲಿ ನಿಂತಿತ್ತು. ಎರಡನೆಯ ಕಲ್ಲು ಪಾಳಿಮಾವನ ಅಕ್ಕನ ಮಗನದು. ಅವನ ಗಾಡಿಯಲ್ಲಿ ಐಸ್ ಸಿದ್ಧವಿತ್ತು. ನಾನು ಬರುವಾಗ ಅಳಿಯನ ಗಾಡಿ ಅರ್ಧ ತುಂಬಿತ್ತು. ಅವನ ಕಲ್ಲು ಮೊದಲ ಜಾಗದಲ್ಲಿತ್ತು, ಮಾವಳ್ಳಿಯವನದು ಎರಡನೆಯದಾಗಿತ್ತು. ಯಾರು ಸರಿಸಿದರೆಂದು ನಾನು ಕಂಡಿಲ್ಲ.

ಮಾವಳ್ಳಿಯ ಚಾಲಕ ಐಸ್ ತುಂಬಿಸಿಕೊಂಡು ಬಂದು ಗಾಡಿ ನಿಲ್ಲಿಸಿದ. ಗೋಡೆ ನೋಡಿದ.

“ನನ್ನ ಕಲ್ಲು ಯಾರು ಮುಟ್ಟಿದ್ದು?”

ಪಾಳಿಮಾವ ಗೋಡೆಯ ಬಳಿಯೇ ನಿಂತಿದ್ದರು. ಬಾಯಿ ತೆರೆದರು, ಮುಚ್ಚಿದರು. ಕನ್ನಡಕ ಬಿಚ್ಚಲಿಲ್ಲ. ಅಂಥ ಹೊತ್ತಿನಲ್ಲಿ ಅವರ ಮುಖದ ಮೇಲೆ ಕನ್ನಡಕ ಹಾಗೆಯೇ ಉಳಿದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಅವನು ಅಳಿಯನತ್ತ ತಿರುಗಿದ. “ನೀನೇ ಅಲ್ದನಾ?”

“ನಾ ಎಂತಕ್ಕೆ ಮುಟ್ಲಿ? ನಿನ್ನ ಕಲ್ಲಿಗೆ ಕಾಲು ಬಂದಿರ್ಬೇಕು, ಹೋಗಿ ಕೇಳು ಅದನ್ನೇ.”

ಹಿಂದಿದ್ದ ಯಾರೋ ನಕ್ಕರು. ಆ ನಗುವೇ ಸಾಕಾಯಿತು. ಮಾವಳ್ಳಿಯವನು ತನ್ನ ಕಲ್ಲನ್ನೇ ಎತ್ತಿ ಅಳಿಯನ ಮುಖಕ್ಕೆ ಹೊಡೆದ. ಎಸೆದದ್ದಲ್ಲ, ಕೈಯಲ್ಲಿ ಹಿಡಿದು ಗುದ್ದಿದ್ದು. ಅಳಿಯ ತಾರ್ಲೆಯ ರಾಶಿಯ ಮೇಲೆ ಬಿದ್ದ. ಅವನ ಬಲಗಣ್ಣು ಇದ್ದ ಜಾಗದಿಂದ ರಕ್ತ ಬೆರಳುಗಳ ನಡುವೆ ಇಳಿಯುತ್ತಿತ್ತು.

ಆಮೇಲೆ ಗೋಡೆಯ ಮೇಲಿನ ಕಲ್ಲುಗಳೆಲ್ಲ ಕೈಗೆ ಬಂದವು. ಹೊನ್ನಾವರದವರು ಒಂದು ಕಡೆ, ಭಟ್ಕಳ ಕಡೆಯವರು ಇನ್ನೊಂದು ಕಡೆ. ವರ್ಷಗಟ್ಟಲೆ ಒಂದೇ ಸಾಲಿನಲ್ಲಿ ಕೂತಿದ್ದ ಕಲ್ಲುಗಳು ಗಾಜು, ಹಲ್ಲು, ಮೊಣಕಾಲುಗಳನ್ನು ಹುಡುಕಿಕೊಂಡು ಹೋದವು. ಮೀನು ಹರಾಜಿಗೆ ಬಂದಿದ್ದ ಹೆಂಗಸೊಬ್ಬಳ ದವಡೆ ಮುರಿಯಿತು. ಮಾವಳ್ಳಿಯವನನ್ನು ನೆಲಕ್ಕೆ ಕೆಡವಿ ಐಸ್ ಕೊಕ್ಕೆಯ ಹಿಡಿಯಿಂದ ಬಡಿಯುತ್ತಿದ್ದವರ ನಡುವೆ ಪಾಳಿಮಾವ ನುಗ್ಗಿ ಅವನ ಮೇಲೆ ಬೋರಲಾಗಿ ಬಿದ್ದರು. ಬಡಿತ ನಿಲ್ಲಲಿಲ್ಲ. ಅವನ ತಲೆಗೆ ಬೀಳಬೇಕಾದದ್ದು ಅವರ ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಕಿವಿ ಕಚ್ಚಿದ ಚಾಲಕ ಇಬ್ಬರನ್ನೂ ಎಳೆದು ಗಾಡಿಗೆ ಹಾಕಿದ. ಪೊಲೀಸರು ಬರುವಷ್ಟರಲ್ಲಿ ಧಕ್ಕೆಯಲ್ಲಿ ತುಳಿದ ತಾರ್ಲೆಯೂ ರಕ್ತವೂ ಸೇರಿ ಜಾರುತ್ತಿತ್ತು.

ಮಧ್ಯಾಹ್ನದೊಳಗೆ ಸುದ್ದಿ ಬಣ್ಣ ಬದಲಿಸಿತು. ಮಾವಳ್ಳಿಯವನು ಜನ ಕಟ್ಟಿಕೊಂಡು ಬಂದು ಕಲ್ಲು ಕದ್ದನಂತೆ, ಮೊದಲೇ ಹೂಡಿದ ಸಂಚಂತೆ, ಕಣ್ಣು ಹೋದವನು ಸತ್ತೇ ಹೋದನಂತೆ. ಹೆದ್ದಾರಿಯ ವೃತ್ತದಲ್ಲಿ ಬೈಕುಗಳು ಸೇರುತ್ತಿವೆ, ಮಾವಳ್ಳಿಗೆ ಹೋಗಿ ಅವನ ಮನೆಗೆ ಬೆಂಕಿ ಇಡುತ್ತಾರೆ ಎಂದು ನಮ್ಮ ಛಾಯಾಗ್ರಾಹಕ ಫೋನು ಮಾಡಿದ. ಆ ಮನೆಯಲ್ಲಿ ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರು. ನಾನು ಆಸ್ಪತ್ರೆಯಲ್ಲಿದ್ದೆ. ಅಳಿಯನನ್ನು ಮಂಗಳೂರಿಗೆ ಒಯ್ಯಲು ಆಂಬುಲೆನ್ಸು ಸಿದ್ಧವಾಗುತ್ತಿತ್ತು. ಪಾಳಿಮಾವನ ಕೈಗೆ ಹಲಗೆ ಕಟ್ಟಿ ಮಂಚದಲ್ಲಿ ಕೂರಿಸಿದ್ದರು. ಬೈಕಿನ ವಿಷಯವನ್ನು ಅವರಿಗೆ ಹೇಳಿದೆ.

ಅವರು ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಅಕ್ಕ, ಅಳಿಯನ ತಾಯಿ, ನೆಲದ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು.

“ತಂಗೀ, ಬರ್ಕೊ. ಕಲ್ಲು ಎತ್ತಿದ್ದು ನಾನು.”

ನಾನು ನೋಟ್‌ಬುಕ್ ತೆರೆದೆ.

“ತಾರ್ಲೆ ಹೊಟ್ಟೆ ಒಡೀತಾ ಇತ್ತು. ಮಾವಳ್ಳಿಯವಂಗೆ ಫೋನ್ ಮಾಡ್ದೆ, ಐಸ್ ಪ್ಲಾಂಟಿನ ಗಲಾಟೆಲಿ ಅವಂಗೆ ಕೇಳ್ಲಿಲ್ಲ. ಆಳು ಕಳಿಸಿ ಕರೆಸ್ಬೋದಾಗಿತ್ತು. ಕಳಿಸ್ಲಿಲ್ಲ. ಮೀನು ಉಳೀತದೆ ಅಂತ ಎತ್ತಿದೆ. ಅಳಿಯಂಗೆ ಅಂತ ಅಲ್ಲ. ಆದ್ರೆ ಅಳಿಯನ ಗಾಡಿ ಅಲ್ದೆ ಬೇರೆಯವಂದಾಗಿದ್ರೆ ಎತ್ತಿದ್ನಾ ಅಂತ ಕೇಳಿದ್ರೆ… ಅದು ನಂಗೂ ಗೊತ್ತಿಲ್ಲೆ.”

“ಅವನು ಕೇಳಿದಾಗ ಯಾಕೆ ಹೇಳಲಿಲ್ಲ?”

“ಎಲ್ರೂ ನೋಡ್ತಾ ಇದ್ರು.” ಅಷ್ಟೇ ಅವರ ಉತ್ತರ.

ನಾನು ಹೇಳಿದೆ: “ಕಂಡವರು ಇನ್ನೊಬ್ಬರು ಬೇಕು.”

ಅವರ ಧ್ವನಿ ಏರಿತು. “ಊರಿಗೆ ಬೆಂಕಿ ಬೀಳ್ತಾ ಇದೆ, ನಿಂಗೆ ಸಾಕ್ಷಿ ಬೇಕಾ? ನಾನೇ ಹೇಳ್ತಾ ಇಲ್ವಾ?”

“ಜಗಳ ನಿಲ್ಲಲಿ ಅಂತ ತಪ್ಪು ಮೈಮೇಲೆ ಹಾಕ್ಕೊಂಡ್ರು ಅಂತ ನಾಳೆ ಜನ ಹೇಳ್ತಾರೆ ಮಾವ. ಈಗಲೇ ಹೇಳ್ತಾರೆ. ಯಾರೂ ನಂಬದ ಸುದ್ದಿ ಹಾಕಿ ಬೈಕು ನಿಲ್ಲೋದಿಲ್ಲ.”

ಅವರು ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದರು. ಆಮೇಲೆ ಗೋಡೆಗೊರಗಿ ನಿಂತಿದ್ದ ಕಿವಿ ಕಚ್ಚಿದ ಚಾಲಕನನ್ನು ಗದ್ದದಿಂದ ತೋರಿಸಿದರು. “ಇವ ಕಂಡಿದ್ದ.”

ಅವನು ಕಣ್ಣು ತಪ್ಪಿಸಿದ. ನಾನು ಅವನನ್ನು ಜಗಲಿಗೆ ಕರೆದೊಯ್ದು ಕೇಳಿದೆ.

“ಅವ್ರ ಕಿವಿ ಒಂದ್ಸಲ ತಿಂದಿದ್ದೆ. ಈಗ ಮರ್ಯಾದಿನೂ ನಾನೇ ತಿನ್ಬೇಕಾ, ತಂಗೀ?”

ಒಳಗಿಂದ ಪಾಳಿಮಾವನ ಕೂಗು ಬಂತು. “ತಿನ್ನು ಮಾರಾಯ! ಬೇಗ ತಿನ್ನು! ಅಲ್ಲಿ ಹೆಣ್ಮಕ್ಕಳಿದ್ದಾರೆ!”

ಅವನು ಹೇಳಿದ. ತಾನು ಗಾಡಿಯ ಟಾಪಿನ ಮೇಲೆ ತಾಡಪಾಲು ಕಟ್ಟುತ್ತಿದ್ದಾಗ ಪಾಳಿಮಾವ ಸುತ್ತ ನೋಡಿ, ಮಾವಳ್ಳಿಯವನ ಕಲ್ಲೆತ್ತಿ ಹಿಂದಿಟ್ಟದ್ದನ್ನು ಕಂಡೆ ಎಂದ. ಅಳಿಯ ಆಗ ಐಸ್ ಹರಡುತ್ತ ಗಾಡಿಯ ಒಳಗಿದ್ದ, ಅವನಿಗೆ ಗೊತ್ತೇ ಇರಲಿಲ್ಲ ಎಂದ. ನಾನು ಇಬ್ಬರ ಮಾತನ್ನೂ ಚಿತ್ರೀಕರಿಸಿ ಕಚೇರಿಗೆ ಕಳಿಸಿದೆ. ಪತ್ರಿಕೆಯ ಜಾಲತಾಣದಲ್ಲಿ ಬಂದ ಸುದ್ದಿಯಲ್ಲಿ ವಿಶೇಷಣಗಳಿರಲಿಲ್ಲ. ಕಲ್ಲನ್ನು ಸರಿಸಿದ್ದು ತಾನೇ ಎಂದು ಪಾಳಿ ನೋಡುವವರು ಹೇಳಿದ್ದಾರೆ, ಅದನ್ನು ಕಂಡ ಚಾಲಕರೊಬ್ಬರು ದೃಢಪಡಿಸಿದ್ದಾರೆ, ಗಾಯಗೊಂಡ ಯಾರೂ ಮೃತಪಟ್ಟಿಲ್ಲ. ಪಾಳಿಮಾವ ಅದನ್ನು ನನ್ನಿಂದ ಓದಿಸಿ ಕೇಳಿ, “ಆತು” ಎಂದರು.

ಬೈಕುಗಳು ಮಾವಳ್ಳಿಗೆ ಹೋಗಲಿಲ್ಲ. ಕೆಲವು ಮನೆಗೆ ಹೋದವು. ಉಳಿದವು ತಿರುಗಿ ಪಾಳಿಮಾವನ ಮನೆಗೆ ಹೋದವು. ತಾವು ಯಾರಿಗಾಗಿ ಸಿಟ್ಟಿಗೆದ್ದಿದ್ದರೋ ಅವರೇ ತಪ್ಪಿತಸ್ಥರೆಂದು ತಿಳಿದಾಗ ಸಿಟ್ಟಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಹೆಂಚು ಒಡೆದರು, ಬಾಗಿಲು ಮುರಿದರು, ಅಂಗಳದ ತೆಂಗಿನ ಸಸಿ ಕಿತ್ತರು. ಮನೆಯಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವರಿಗೆ ನಾನೇ ತಿಳಿಸಿದೆ.

“ಹೆಂಚು ಮತ್ತೆ ಹೊದೆಸ್ಬೋದು” ಎಂದರು.

ಅವರ ಅಕ್ಕ ಅವರ ಜೊತೆ ಮತ್ತೆ ಮಾತಾಡಲಿಲ್ಲ. ನನ್ನ ಜೊತೆಯೂ ಇಲ್ಲ. ಅಳಿಯನ ಬಲಗಣ್ಣು ಉಳಿಯಲಿಲ್ಲ. ಮಾವಳ್ಳಿಯವನಿಗೆ ಪಕ್ಕೆಲುಬು ಮುರಿದಿದ್ದವು. ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಧಕ್ಕೆಯಲ್ಲಿ ಕಲ್ಲಿನ ಸಾಲು ಮತ್ತೆ ಕೂರಲಿಲ್ಲ. ಹೊರಗಿನ ಕಂಪನಿಯೊಂದರ ದೊಡ್ಡ ಶೀತಲ ಗಾಡಿಗಳು ಬಂದವು. ಈಗ ಯಾರು ಮೊದಲು ಎಂದು ಹೇಳುವುದು ಮೊಬೈಲು. ಜಗಳ ಕಡಿಮೆ, ನಿಜ. ಪಾಳಿಮಾವ ಒಂದು ದಿನ ನನ್ನ ಜೊತೆ ದೂರದಿಂದ ನಿಂತು ನೋಡಿದರು. ಮೊಬೈಲು ತೋರಿಸಿದ ಪಾಳಿಯಂತೆ ಶೆಟ್ಲಿಯ ಗಾಡಿ ಮೊದಲು ಹೊರಟಿತು, ತಾರ್ಲೆ ಬಿಸಿಲಲ್ಲಿ ಕಾಯಿತು. ಅವರ ಸೊಟ್ಟ ಕೈ ಕನ್ನಡಕದ ದಾರದ ಕಡೆಗೆ ಹೋಯಿತು. ಬಿಚ್ಚಲಿಲ್ಲ. “ನಡಿ, ಚಾ ಕುಡಿಯುವ” ಎಂದರು.

ಇಂದು ನಾನು ನೋಡಿಕೊಳ್ಳುವ ಪತ್ರಿಕೆಯ ಮೇಜಿಗೆ ಗಲಭೆಯ ಸುದ್ದಿ ಬಂದಾಗ ಹೊಸಬರನ್ನು ನಾನು ಮೊದಲು ಕೇಳುವುದು, ಇದು ಯಾರ ಕೈಯಿಂದ ಹೊರಟಿತು, ಯಾರ ಕೈ ದಾಟಿತು, ನಡುವೆ ಮುಟ್ಟಿದವರು ಯಾರು ಎಂದು. ಪತ್ರಿಕೋದ್ಯಮದ ತರಗತಿಯಲ್ಲಿ ಕಲಿತ ಪ್ರಶ್ನೆಗಳಲ್ಲ ಇವು. ಕ್ರೇಟು ಕಾಣೆಯಾದಾಗ ಪಾಳಿಮಾವ ಕೇಳುತ್ತಿದ್ದದ್ದು.

ಅವರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದು ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಮನೆಯೆದುರಿನ ರಸ್ತೆಯಲ್ಲಿ ಹಳೆಯ ಇನ್ಸುಲೇಟರ್ ಮೀನುಗಾಡಿಗಳು ಸಾಲಾಗಿ ನಿಂತಿದ್ದವು. ಮಸಣ ದೂರ. ಆಂಬುಲೆನ್ಸ್ ಬೇಡ, ನಮ್ಮ ಗಾಡಿಯಲ್ಲೇ ಒಯ್ಯುತ್ತೇವೆ ಎಂದು ಚಾಲಕರು ಹಟ ಹಿಡಿದಿದ್ದರು. ಯಾರ ಗಾಡಿ ಎಂಬಲ್ಲಿ ಮಾತಿಗೆ ಮಾತು ಬೆಳೆದು ಇಬ್ಬರು ಅಂಗಿಯ ಕೊರಳುಪಟ್ಟಿ ಹಿಡಿದರು, ಒಬ್ಬನ ಮೂಗಿನಿಂದ ರಕ್ತ ಬಂತು. ಒಳಗೆ ಹೆಣ, ಹೊರಗೆ ಹೊಡೆದಾಟ. ಕಿವಿ ಕಚ್ಚಿದ ಚಾಲಕ ನಡುವೆ ನಿಂತು ಕೂಗಿದ:

“ಕಲ್ಲು ತೆಗೀರೋ! ಎಲ್ಲರ ಸೀಟಡಿಗೂ ಇನ್ನೂ ಇದೆ, ನಂಗೊತ್ತು. ಬಂದ ಪಾಳಿಗೆ ಇಡಿ!”

ಹೌದು, ಎಲ್ಲರ ಬಳಿಯೂ ಇದ್ದವು; ಆ ದಿನ ಎಸೆದವನ್ನೂ ಆಮೇಲೆ ಹುಡುಕಿ ತಂದಿಟ್ಟುಕೊಂಡಿದ್ದರು. ಬಣ್ಣ ಮಾಸಿದ ಕಲ್ಲುಗಳು ಒಂದೊಂದಾಗಿ ಕಾಂಪೌಂಡಿನ ಮೇಲೆ ಕೂತವು. ಎಲ್ಲರಿಗಿಂತ ಮೊದಲು ಬಂದು, ಯಾರೊಡನೆಯೂ ಮಾತಾಡದೆ ಗಾಡಿಯಲ್ಲೇ ಕೂತಿದ್ದವನು ಮಾವಳ್ಳಿಯ ಚಾಲಕ. ಅವನ ಕಲ್ಲನ್ನು ಪೊಲೀಸರು ಅಂದೇ ಒಯ್ದಿದ್ದರು. ಹೊಳೆಯಿಂದ ಆಯ್ದ ಬೇರೊಂದಕ್ಕೆ ಅದೇ ಗುರುತು ಹಾಕಿ ತಂದಿದ್ದ. ಅವನು ಇಳಿದು ಬಂದು ಅದನ್ನು ಮೊದಲ ಜಾಗದಲ್ಲಿಟ್ಟ. ಅದರ ನಂತರದ್ದು ಅಳಿಯನದು. ಎರಡರ ನಡುವೆ ಗೇಣಿನಷ್ಟು ಜಾಗವಿತ್ತು.

ಗದ್ದಲ ನಿಂತಿತು. ಅಳಿಯ ತನ್ನ ಉಳಿದ ಒಂದು ಕಣ್ಣಿನಿಂದ ಮೊದಲ ಕಲ್ಲನ್ನು ನೋಡಿದ, ಆಮೇಲೆ ಅದರ ಒಡೆಯನನ್ನು ನೋಡಿದ. “ನಿನ್ನ ಪಾಳಿ” ಎಂದ. ಅವನ ಮುಷ್ಟಿ ಬಿಗಿದಿತ್ತು.

ಮಾವಳ್ಳಿಯವನು ತನ್ನ ಕಲ್ಲನ್ನು ತನ್ನ ಕೈಯಿಂದಲೇ ಎತ್ತಿದ. ಒಂದು ಕ್ಷಣ ಎಲ್ಲರೂ ಆ ಕೈಯನ್ನೇ ನೋಡಿದರು. ಅಳಿಯ ಹಿಂದೆ ಸರಿಯಲಿಲ್ಲ. ಮಾವಳ್ಳಿಯವನು ಕಲ್ಲನ್ನು ಅಳಿಯನ ಕಲ್ಲಿನ ಹಿಂದಕ್ಕೆ ಇಟ್ಟು, ಜಗಲಿಯಲ್ಲಿ ಮಲಗಿಸಿದ್ದ ಪಾಳಿಮಾವನ ಬಳಿಗೆ ಬಂದು ನಿಂತ. ಯಾರೋ ಅವರಿಗೆ ಕನ್ನಡಕ ಹಾಕಿ ದಾರ ಕಟ್ಟಿದ್ದರು.

“ಅವತ್ತೂ ಕೇಳಿದ್ರೆ ನಾನೇ ಎತ್ತಿ ಇಡ್ತಿದ್ದೆ, ಮಾವ” ಎಂದ.